ಇಂಪ್ಲಾಂಟ್‌ಗೆ ಮೊದಲು ಒಸಡು: ಒಸಡಿನ ತಪಾಸಣೆಯಿಂದ ತಜ್ಞರ ಆಯ್ಕೆಯವರೆಗೆ ಹಂತ ಹಂತದ ಮಾರ್ಗದರ್ಶಿ

ಹಲ್ಲು ಹೋದ ಜಾಗಕ್ಕೆ ಇಂಪ್ಲಾಂಟ್ (ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ, ಅದರ ಮೇಲೆ ಹಲ್ಲಿನಾಕಾರದ ಕ್ಯಾಪ್ ಬರುತ್ತದೆ) ಹಾಕಿಸಲು ಹೊರಟವರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಹಿಡಿದು ಹೊರಡುತ್ತಾರೆ: ಯಾವ ಕಂಪನಿಯದು ಒಳ್ಳೆಯದು, ಖರ್ಚೆಷ್ಟು, ಎಷ್ಟು ದಿನಕ್ಕೆ ಹಲ್ಲು ಕೂರುತ್ತದೆ. ಒಸಡು ಹೇಗಿದೆ ಎಂಬ ಪ್ರಶ್ನೆ ಈ ಪಟ್ಟಿಯಲ್ಲಿ ಇರುವುದೇ ಇಲ್ಲ. ಕೆಲವು ವರ್ಷ ಕಳೆದ ಮೇಲೆ ಇಂಪ್ಲಾಂಟ್ ಸುತ್ತ ಕೀವು ಬರುತ್ತಿದೆ, ಒಸಡು ಸರಿದು ಲೋಹ ಕಾಣುತ್ತಿದೆ ಎಂದು ಅವರಲ್ಲಿ ಹಲವರು ಮತ್ತೆ ದಂತವೈದ್ಯರ ಬಾಗಿಲಿಗೆ ಹೋಗುತ್ತಾರೆ. ಹೆಚ್ಚಿನ ಸಲ ಅಲ್ಲಿ ಕೆಟ್ಟಿರುವುದು ಇಂಪ್ಲಾಂಟ್ ಅಲ್ಲ, ಕೆಲಸದ ಕ್ರಮ.

ಸ್ವಾಭಾವಿಕ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರವೊಂದು ಇರುತ್ತದೆ, ಒಸಡಿನ ನಾರುಗಳು ಬೇರಿನ ಮೇಲ್ಮೈಗೆ ನೇರವಾಗಿ ನಾಟಿಕೊಂಡಿರುತ್ತವೆ. ಇಂಪ್ಲಾಂಟ್‌ಗೆ ಇವೆರಡೂ ಇಲ್ಲ. ಅದು ಮೂಳೆಗೆ ನೇರವಾಗಿ ಬೆಸೆದುಕೊಂಡಿರುತ್ತದೆ, ಸುತ್ತಲಿನ ಒಸಡು ಅದನ್ನು ಬರೀ ಅಪ್ಪಿಕೊಂಡಿರುತ್ತದೆ. ಆದ್ದರಿಂದ ಸೋಂಕು ಶುರುವಾದರೆ ಹಲ್ಲಿನ ಸುತ್ತ ಹರಡುವುದಕ್ಕಿಂತ ಬೇಗ ಮೂಳೆಯನ್ನು ತಲುಪುತ್ತದೆ. ಪಕ್ಕದ ಹಲ್ಲುಗಳ ಒಸಡಿನಲ್ಲಿ ಬೀಡುಬಿಟ್ಟಿರುವ ರೋಗಾಣುಗಳೇ ಹೊಸ ಇಂಪ್ಲಾಂಟ್ ಮೇಲೂ ನೆಲೆ ಕಟ್ಟುತ್ತವೆ. ಹಲ್ಲು ಬಿದ್ದ ಕಾರಣ ಬಾಯಿಯಲ್ಲಿ ಹಾಗೆಯೇ ಇರುವಾಗ ಅದೇ ಜಾಗದಲ್ಲಿ ಟೈಟಾನಿಯಂ ಕೂರಿಸುವುದೆಂದರೆ ಅದೇ ರೋಗಕ್ಕೆ ಇನ್ನೊಂದು ಜಾಗ ಮಾಡಿಕೊಟ್ಟಂತೆ.

ಈ ಬರಹದಲ್ಲಿರುವ ಕ್ರಮ ಸರಳವಾದದ್ದು. ಮೊದಲು ಒಸಡನ್ನು ಅಳೆಸುವುದು, ರೋಗವಿದ್ದರೆ ಹತೋಟಿಗೆ ತರುವುದು, ಆಮೇಲೆ ತಜ್ಞರನ್ನು ಆರಿಸುವುದು, ಕೊನೆಗೆ ಇಂಪ್ಲಾಂಟ್. ತಜ್ಞರನ್ನು ತೂಗಿ ನೋಡಲು ರೋಗಿಯ ಕೈಯಲ್ಲಿರುವ ಅತ್ಯಂತ ನಂಬಲರ್ಹ ಅಳತೆಗೋಲು ಕೂಡ ಇದೇ: ಅವರು ಇಂಪ್ಲಾಂಟ್ ಮಾತೆತ್ತುವ ಮೊದಲು ನಿಮ್ಮ ಒಸಡನ್ನು ಅಳೆದು ಬರೆದಿಟ್ಟರೇ ಇಲ್ಲವೇ ಎಂಬುದು.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದವು

ಮನೆಯ ತಪಾಸಣೆಗೆ ಒಂದು ಕನ್ನಡಿ, ಒಂದು ಚಿಕ್ಕ ಟಾರ್ಚ್, ಮೃದು ಎಳೆಗಳ ಬ್ರಷ್, ಹಲ್ಲಿನ ಸಂದಿಗೆ ಹೋಗುವ ಇಂಟರ್‌ಡೆಂಟಲ್ ಬ್ರಷ್ ಅಥವಾ ಫ್ಲಾಸ್ ದಾರ ಸಾಕು. ಹಲ್ಲಿನ ಮೇಲೆ ಕೂರುವ ರೋಗಾಣುಗಳ ಪಾಚಿಗೆ ಬಣ್ಣ ಹಚ್ಚಿ ತೋರಿಸುವ ಮಾತ್ರೆಗಳು ಸಿಕ್ಕರೆ ಒಳ್ಳೆಯದು, ಬ್ರಷ್ ಎಲ್ಲಿ ತಲುಪುತ್ತಿಲ್ಲ ಎಂಬುದನ್ನು ಅವು ಸ್ಪಷ್ಟವಾಗಿ ತೋರಿಸುತ್ತವೆ.

ವೈದ್ಯರ ಭೇಟಿಗೆ ಒಂದು ಫೈಲ್ ಮಾಡಿಕೊಳ್ಳಿ. ಹಳೆಯ ಹಲ್ಲಿನ ಎಕ್ಸ್‌ರೇಗಳು, ಈಗ ಸೇವಿಸುತ್ತಿರುವ ಎಲ್ಲ ಔಷಧಿಗಳ ಹೆಸರು ಮತ್ತು ಪ್ರಮಾಣ, ಇತ್ತೀಚಿನ ರಕ್ತಪರೀಕ್ಷೆಯ ವರದಿ, ಹಿಂದೆ ಆದ ಶಸ್ತ್ರಚಿಕಿತ್ಸೆ ಹಾಗೂ ಅಲರ್ಜಿಗಳ ವಿವರ ಅದರಲ್ಲಿರಲಿ. ಯಾವ ಹಲ್ಲು ಯಾವಾಗ, ಯಾವ ಕಾರಣಕ್ಕೆ ಹೋಯಿತು ಎಂಬುದನ್ನು ನೆನಪಿದ್ದಷ್ಟು ಬರೆದುಕೊಳ್ಳಿ. ಹುಳುಕಿನಿಂದ ಹೋದ ಹಲ್ಲಿಗೂ, ಅಲುಗಾಡಿ ತಾನಾಗಿ ಬಿದ್ದ ಹಲ್ಲಿಗೂ ಮುಂದಿನ ಲೆಕ್ಕಾಚಾರದಲ್ಲಿ ಬಹಳ ವ್ಯತ್ಯಾಸವಿದೆ. ಎರಡನೆಯದು ಒಸಡಿನ ರೋಗದ ಗುರುತು.

ಹಂತ 1: ಮನೆಯಲ್ಲೇ ಒಸಡನ್ನು ನೋಡಿಕೊಳ್ಳುವುದು

ಒಳ್ಳೆಯ ಬೆಳಕಿನಲ್ಲಿ ತುಟಿಯನ್ನು ಎತ್ತಿ ಹಿಡಿದು ಒಸಡಿನ ಅಂಚನ್ನು ನೋಡಿ. ಆರೋಗ್ಯವಂತ ಒಸಡು ಗಟ್ಟಿಯಾಗಿ ಹಲ್ಲಿಗೆ ಒತ್ತಿಕೊಂಡಿರುತ್ತದೆ. ಬಣ್ಣ ಎಲ್ಲರಲ್ಲೂ ಗುಲಾಬಿಯಾಗಿಯೇ ಇರಬೇಕೆಂದಿಲ್ಲ. ಕಂದು ಅಥವಾ ಕಪ್ಪು ಛಾಯೆಯ ಒಸಡು ಅನೇಕರಿಗೆ ಹುಟ್ಟಿನಿಂದಲೇ ಇರುತ್ತದೆ, ಅದು ರೋಗವಲ್ಲ. ಊದಿಕೊಂಡ ಅಂಚು, ಹೊಳೆಯುವ ಕೆಂಪು, ಮುಟ್ಟಿದರೆ ರಕ್ತ, ಒತ್ತಿದರೆ ಕೀವು, ಹಲ್ಲುಗಳ ನಡುವೆ ಹೊಸದಾಗಿ ಕಾಣಿಸಿಕೊಂಡ ಸಂದು, ಬೇರು ಕಾಣುವಷ್ಟು ಸರಿದ ಒಸಡು, ಬಿಡದ ಬಾಯಿ ವಾಸನೆ ಇವು ಗಮನಿಸಬೇಕಾದ ಲಕ್ಷಣಗಳು.

ರಕ್ತ ಬಂದರೆ ಆ ಭಾಗದಲ್ಲಿ ಬ್ರಷ್ ಮಾಡುವುದನ್ನೇ ಬಿಡುವವರು ಬಹಳ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಬ್ರಷ್ಷಿನ ಎಳೆಗಳು ಒಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ತಾಕುವಂತೆ ಹಿಡಿದು, ಬಲ ಹಾಕದೆ ಸಣ್ಣ ಸಣ್ಣ ಚಲನೆಯಲ್ಲಿ, ದಿನಕ್ಕೆ ಎರಡು ಸಲ, ಪ್ರತಿ ಸಲವೂ ಎರಡು ನಿಮಿಷ ಉಜ್ಜಿ. ದಿನಕ್ಕೊಂದು ಸಲ ಸಂದಿಗಳನ್ನು ಸ್ವಚ್ಛಗೊಳಿಸಿ. ಇಂಟರ್‌ಡೆಂಟಲ್ ಬ್ರಷ್ಷಿನ ಗಾತ್ರ ಸರಿಯಾಗಿದ್ದರೆ ಅದು ಸಂದಿಯೊಳಗೆ ಸ್ವಲ್ಪ ಬಿಗಿಯಾಗಿ ಹೋಗುತ್ತದೆ, ಆದರೆ ತಂತಿ ಹಲ್ಲಿಗೆ ಉಜ್ಜುವುದಿಲ್ಲ. ಒಂದೇ ಬಾಯಿಗೆ ಎರಡು ಮೂರು ಗಾತ್ರಗಳು ಬೇಕಾಗುವುದು ಸಾಮಾನ್ಯ.

ಬರೀ ಒಸಡಿನ ಮೇಲ್ಪದರದ ಉರಿಯೂತವಾಗಿದ್ದರೆ ಹೀಗೆ ಮಾಡಿದಾಗ ಒಂದೆರಡು ವಾರದಲ್ಲಿ ರಕ್ತ ಬರುವುದು ಎದ್ದುಕಾಣುವಷ್ಟು ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ ಒಸಡಿನ ಕೆಳಗೆ ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿಕೊಂಡಿದೆ ಅಥವಾ ರೋಗ ಮೂಳೆಯವರೆಗೆ ಹೋಗಿದೆ ಎಂಬ ಅನುಮಾನ ಇಟ್ಟುಕೊಂಡೇ ಮುಂದಿನ ಹಂತಕ್ಕೆ ಹೋಗಿ.

ಇಲ್ಲೊಂದು ಎಚ್ಚರಿಕೆ. ಬೀಡಿ, ಸಿಗರೇಟು ಸೇದುವವರಲ್ಲಿ ಒಸಡಿನ ರಕ್ತನಾಳಗಳು ಕುಗ್ಗಿರುವುದರಿಂದ ರೋಗ ಆಳವಾಗಿದ್ದರೂ ರಕ್ತ ಬರುವುದು ಕಡಿಮೆ. ರಕ್ತ ಬರುತ್ತಿಲ್ಲ, ಆದ್ದರಿಂದ ಒಸಡು ಚೆನ್ನಾಗಿದೆ ಎಂಬ ತೀರ್ಮಾನಕ್ಕೆ ಅವರು ಬರಬಾರದು. ನೋವಿಲ್ಲ ಎಂಬುದೂ ಯಾರಿಗೂ ಸಮಾಧಾನದ ಮಾತಲ್ಲ, ಏಕೆಂದರೆ ಒಸಡಿನ ರೋಗ ಬಹುತೇಕ ನೋವಿಲ್ಲದೆಯೇ ಮೂಳೆಯನ್ನು ಕರಗಿಸುತ್ತದೆ.

ಹಂತ 2: ಒಸಡಿನ ಅಳತೆ ಮಾಡಿಸುವುದು

ಈ ಹಂತವನ್ನೇ ಹೆಚ್ಚಿನವರು ದಾಟಿಬಿಡುತ್ತಾರೆ, ಕೆಲವು ಕ್ಲಿನಿಕ್‌ಗಳೂ ದಾಟಿಸಿಬಿಡುತ್ತವೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಮಿಲಿಮೀಟರ್ ಗುರುತುಗಳಿರುವ ತೆಳು ಕಡ್ಡಿಯಂಥ ಉಪಕರಣಕ್ಕೆ ಪ್ರೋಬ್ ಎನ್ನುತ್ತಾರೆ. ಅದನ್ನು ಒಸಡಿಗೂ ಹಲ್ಲಿಗೂ ನಡುವಿನ ಸಂದಿಗೆ ಮೆಲ್ಲಗೆ ಇಳಿಸಿ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ನೋಡುತ್ತಾರೆ. ಪೂರ್ಣ ಪರೀಕ್ಷೆಯಲ್ಲಿ ಪ್ರತಿ ಹಲ್ಲಿಗೆ ಆರು ಕಡೆ ಅಳೆದು, ಒಬ್ಬರು ಸಂಖ್ಯೆ ಹೇಳುತ್ತಿದ್ದಂತೆ ಇನ್ನೊಬ್ಬರು ಚಾರ್ಟ್‌ನಲ್ಲಿ ಬರೆದುಕೊಳ್ಳುತ್ತಾರೆ. 1ರಿಂದ 3 ಮಿ.ಮೀ. ಇದ್ದರೆ ಸಾಮಾನ್ಯ. 4 ಮಿ.ಮೀ. ಅಥವಾ ಹೆಚ್ಚಿದ್ದು ರಕ್ತವೂ ಬಂದರೆ ಅಲ್ಲಿ ಪಾಕೆಟ್, ಅಂದರೆ ರೋಗದಿಂದ ಒಸಡು ಹಲ್ಲಿನಿಂದ ಬಿಟ್ಟುಕೊಂಡು ಆದ ಗುಳಿ, ಇದೆ ಎಂದು ಅನುಮಾನಿಸಬೇಕು. 6 ಮಿ.ಮೀ. ದಾಟಿದರೆ ಆಳವಾದ ಪಾಕೆಟ್, ಮನೆಯ ಬ್ರಷ್ಷಾಗಲಿ ದಾರವಾಗಲಿ ಅಲ್ಲಿಗೆ ತಲುಪಲಾರದು. ಆಳದ ಜೊತೆಗೆ ಎಲ್ಲೆಲ್ಲಿ ರಕ್ತ ಬಂತು, ಯಾವ ಹಲ್ಲು ಎಷ್ಟು ಅಲುಗಾಡುತ್ತದೆ, ಒಸಡು ಎಷ್ಟು ಸರಿದಿದೆ ಎಂಬುದನ್ನೂ ದಾಖಲಿಸುತ್ತಾರೆ. ಅಳೆದ ಎಲ್ಲ ಜಾಗಗಳಲ್ಲಿ ಶೇ. 10ಕ್ಕಿಂತ ಕಡಿಮೆ ಕಡೆ ರಕ್ತ ಬಂದಿದ್ದು, ಎಲ್ಲೂ ಆಳದ ಪಾಕೆಟ್ ಇಲ್ಲದಿದ್ದರೆ ಒಸಡು ಒಟ್ಟಾರೆ ಆರೋಗ್ಯವಾಗಿದೆ ಎಂದು ಪರಿಗಣಿಸಲಾಗುತ್ತದೆ.

ಅಳತೆಯ ಜೊತೆಗೆ ಎಕ್ಸ್‌ರೇ ಬೇಕು. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಓಪಿಜಿಯಿಂದ ಸ್ಥೂಲ ಅಂದಾಜು ಸಿಗುತ್ತದೆ. ಮೂಳೆ ಎಷ್ಟು ಇಳಿದಿದೆ ಎಂದು ಹಲ್ಲು ಹಲ್ಲಿಗೆ ಗುರುತಿಸಲು ಬಾಯೊಳಗಿಟ್ಟು ತೆಗೆಯುವ ಚಿಕ್ಕ ಎಕ್ಸ್‌ರೇಗಳೇ ಮೇಲು.

ಪರೀಕ್ಷೆ ಮುಗಿದ ಮೇಲೆ ಕೇಳಬೇಕಾದದ್ದು ಎರಡು ಮಾತು: "ನನ್ನ ಒಸಡಿನ ರೋಗ ಯಾವ ಹಂತದಲ್ಲಿದೆ? ಎಷ್ಟು ಬೇಗ ಮುಂದುವರಿಯುತ್ತಿದೆ?" ಈಗ ಬಳಕೆಯಲ್ಲಿರುವ ವರ್ಗೀಕರಣದಲ್ಲಿ ತೀವ್ರತೆಗೆ 1ರಿಂದ 4ರವರೆಗಿನ ಹಂತಗಳೂ, ಮುಂದುವರಿಯುವ ವೇಗಕ್ಕೆ ಎ, ಬಿ, ಸಿ ಎಂಬ ಮೂರು ದರ್ಜೆಗಳೂ ಇವೆ. ಉತ್ತರ ಈ ರೂಪದಲ್ಲಿ ಬಂದರೆ ನಿಮ್ಮನ್ನು ಸರಿಯಾಗಿ ಪರೀಕ್ಷಿಸಿದ್ದಾರೆ ಎಂದೇ ಅರ್ಥ. "ಸ್ವಲ್ಪ ಗಲೀಜಿದೆ, ಕ್ಲೀನ್ ಮಾಡಿಸಿದರೆ ಸಾಕು" ಎಂಬ ಉತ್ತರ ಬಂದರೆ ಚಾರ್ಟ್ ತೋರಿಸಲು ಕೇಳಿ. ಚಾರ್ಟೇ ಇಲ್ಲದಿದ್ದರೆ ಅಳತೆಯೂ ಆಗಿಲ್ಲ.

ಹಂತ 3: ಚಿಕಿತ್ಸೆ ಮುಗಿಸಿ, ಮತ್ತೆ ಅಳೆಸಿ

ಒಸಡಿನ ಮೇಲಿನ ಗಾರೆಯನ್ನು ತೆಗೆಯುವ ಸ್ಕೇಲಿಂಗ್ ಬೇರೆ, ಒಸಡಿನ ಕೆಳಗೆ ಇಳಿದು ಬೇರನ್ನು ಸ್ವಚ್ಛಗೊಳಿಸುವ ಆಳದ ಕ್ಲೀನಿಂಗ್ ಬೇರೆ. ಪಾಕೆಟ್ ಇರುವವರಿಗೆ ಎರಡನೆಯದು ಬೇಕು. ಅದನ್ನು ಮರಗಟ್ಟಿಸಿ, ಹಲವೊಮ್ಮೆ ಎರಡು ಅಥವಾ ಹೆಚ್ಚು ಭೇಟಿಗಳಲ್ಲಿ ಮಾಡುತ್ತಾರೆ. ಬರೀ ಆಂಟಿಬಯಾಟಿಕ್ ಮಾತ್ರೆಯಿಂದ ಈ ರೋಗ ವಾಸಿಯಾಗುವುದಿಲ್ಲ. ಗಾರೆಗೆ ಅಂಟಿಕೊಂಡ ರೋಗಾಣುಗಳ ಪದರವನ್ನು ಕೈಯಿಂದಲೋ ಯಂತ್ರದಿಂದಲೋ ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಹಳೆಯದು, ಸುಲಭವಾಗಿ ಹೋಗುವಂಥದ್ದೂ ಅಲ್ಲ. ವಾಸ್ತವದಲ್ಲಿ ಮೂಳೆ ಮೊದಲೇ ಕರಗಿರುತ್ತದೆ, ಗಾರೆಯೇ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುತ್ತದೆ. ಅದು ಹೋದಾಗ ಅಲುಗಾಟ ಗೊತ್ತಾಗುತ್ತದೆ, ಊತ ಇಳಿದಾಗ ಸಂದುಗಳು ಕಾಣುತ್ತವೆ, ಬೇರು ಸ್ವಲ್ಪ ತೆರೆದುಕೊಳ್ಳುವುದರಿಂದ ತಣ್ಣನೆಯದು ತಾಗಿದರೆ ಕೆಲವು ವಾರ ಜುಮ್ಮೆನ್ನುತ್ತದೆ. ಇವೆಲ್ಲ ನಿರೀಕ್ಷಿತವೇ, ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಲು ಕಾರಣಗಳಲ್ಲ.

ಚಿಕಿತ್ಸೆ ಮುಗಿದು ಸುಮಾರು 6ರಿಂದ 12 ವಾರಗಳ ನಂತರ ಇಡೀ ಬಾಯಿಯ ಅಳತೆ ಇನ್ನೊಮ್ಮೆ ಆಗಬೇಕು. ಅಷ್ಟು ಸಮಯ ಕೊಟ್ಟರೆ ಮಾತ್ರ ಒಸಡು ಬಿಗಿಯಾಗಿ ಪಾಕೆಟ್ ಕಿರಿದಾಗಿರುವುದು ಗೊತ್ತಾಗುತ್ತದೆ. ಎಲ್ಲೂ ರಕ್ತ ಬರುವ 5 ಮಿ.ಮೀ. ಅಥವಾ ಹೆಚ್ಚಿನ ಪಾಕೆಟ್ ಉಳಿದಿಲ್ಲ ಎಂದಾದರೆ ಇಂಪ್ಲಾಂಟ್ ಮಾತಿಗೆ ಬರಬಹುದು. ಉಳಿದಿದ್ದರೆ ಮತ್ತೊಮ್ಮೆ ಆಳದ ಕ್ಲೀನಿಂಗ್ ಅಥವಾ ಒಸಡನ್ನು ಬಿಡಿಸಿ ಮಾಡುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮರುಅಳತೆಯಿಲ್ಲದೆ "ಕ್ಲೀನಿಂಗ್ ಆಯಿತಲ್ಲ, ಮುಂದಿನ ವಾರ ಇಂಪ್ಲಾಂಟ್ ಹಾಕೋಣ" ಎನ್ನುವುದು ಕ್ರಮ ತಪ್ಪಿದ ಕೆಲಸ.

ಹಂತ 4: ಉಳಿಸಬಹುದಾದ ಹಲ್ಲನ್ನು ಕೀಳಿಸದಿರುವುದು

ಒಸಡಿನ ಚಿಕಿತ್ಸೆಯ ನಂತರ ಅಲುಗಾಡುತ್ತಿದ್ದ ಕೆಲವು ಹಲ್ಲುಗಳು ಗಟ್ಟಿಯಾಗುತ್ತವೆ. ಆದ್ದರಿಂದ ಪೂರ್ತಿ ಕೈಬಿಟ್ಟ ಹಲ್ಲುಗಳನ್ನು ಬಿಟ್ಟು ಉಳಿದವುಗಳ ಭವಿಷ್ಯವನ್ನು ಮರುಅಳತೆಯಾದ ಮೇಲೆ ನಿರ್ಧರಿಸುವುದೇ ಸರಿ. ಮೂಳೆ ಅರ್ಧ ಕರಗಿದ ಹಲ್ಲು ಕೂಡ ಚೆನ್ನಾಗಿ ನೋಡಿಕೊಂಡರೆ ಹಲವು ವರ್ಷ ಉಳಿಯುವುದುಂಟು. ಕಿತ್ತ ಹಲ್ಲನ್ನು ಮರಳಿ ತರಲಾಗದು, ಇಂಪ್ಲಾಂಟನ್ನು ಮಾತ್ರ ಯಾವಾಗ ಬೇಕಾದರೂ ಹಾಕಿಸಬಹುದು.

ಕೀಳಲೇಬೇಕು ಎಂದಾದರೆ, ಕೀಳುವ ಮೊದಲೇ ಮುಂದಿನ ಯೋಜನೆ ಸಿದ್ಧವಿರಬೇಕು. ಹಲ್ಲು ಹೋದ ಮೊದಲ ವರ್ಷದಲ್ಲಿ, ಅದರಲ್ಲೂ ಮೊದಲ ಕೆಲವು ತಿಂಗಳಲ್ಲಿ, ಆ ಜಾಗದ ಮೂಳೆ ಗಣನೀಯವಾಗಿ ಸಣಕಲಾಗುತ್ತದೆ. ಕಿತ್ತ ಗುಳಿಗೆ ಮೂಳೆಪುಡಿ ತುಂಬಿ ಈ ಕುಗ್ಗುವಿಕೆಯನ್ನು ಕಡಿಮೆ ಮಾಡಬಹುದೇ, ಅದೇ ದಿನ ಇಂಪ್ಲಾಂಟ್ ಹಾಕಲು ತಕ್ಕ ಸ್ಥಿತಿಯಿದೆಯೇ, ಅಥವಾ ಒಸಡು ಮುಚ್ಚಿಕೊಳ್ಳುವವರೆಗೆ ಕಾಯಬೇಕೇ ಎಂಬ ಮೂರು ಸಾಧ್ಯತೆಗಳನ್ನೂ ವೈದ್ಯರ ಜೊತೆ ಚರ್ಚಿಸಿ.

ಹಂತ 5: ದೇಹದ ಉಳಿದ ಲೆಕ್ಕಗಳನ್ನು ಸರಿಪಡಿಸಿಕೊಳ್ಳುವುದು

ಮಧುಮೇಹ ಇರುವವರು ಇತ್ತೀಚಿನ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಶೇ. 7ರ ಆಸುಪಾಸಿನಲ್ಲಿದ್ದರೆ ಹೆಚ್ಚಿನ ವೈದ್ಯರು ಮುಂದುವರಿಯಲು ಒಪ್ಪುತ್ತಾರೆ. ಅದಕ್ಕಿಂತ ಬಹಳ ಮೇಲಿದ್ದರೆ ಗಾಯ ಮಾಯುವುದು ನಿಧಾನ, ಸೋಂಕಿನ ಅಪಾಯ ಹೆಚ್ಚು. ಒಸಡಿನ ರೋಗಕ್ಕೂ ಮಧುಮೇಹಕ್ಕೂ ಇರುವ ಸಂಬಂಧ ಎರಡೂ ಕಡೆಯದು: ಸಕ್ಕರೆ ಏರಿದರೆ ಒಸಡು ಕೆಡುತ್ತದೆ, ಒಸಡಿನ ಉರಿಯೂತ ಇಳಿದರೆ ಸಕ್ಕರೆಯ ಹತೋಟಿಗೂ ಸ್ವಲ್ಪ ನೆರವಾಗುತ್ತದೆ.

ತಂಬಾಕು ಬಿಡುವುದು ಇಲ್ಲಿ ಉಪದೇಶದ ಮಾತಲ್ಲ. ಸೇದುವವರಲ್ಲಿ ಇಂಪ್ಲಾಂಟ್ ಮೂಳೆಗೆ ಬೆಸೆಯದೆ ಹೋಗುವ ಸಾಧ್ಯತೆಯೂ, ಆಮೇಲೆ ಸುತ್ತಲಿನ ಮೂಳೆ ಕರಗುವ ಸಾಧ್ಯತೆಯೂ ಹೆಚ್ಚು. ಶಸ್ತ್ರಕ್ರಿಯೆಗೆ ಕೆಲವು ವಾರ ಮೊದಲೇ ಬಿಟ್ಟು, ಇಂಪ್ಲಾಂಟ್ ಮೂಳೆಗೆ ಬೆಸೆಯುವವರೆಗಾದರೂ ದೂರವಿರಬೇಕು. ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು.

ಔಷಧಿಗಳ ವಿಷಯದಲ್ಲಿ ಮರೆಮಾಚುವುದು ಅಪಾಯ. ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೊನೇಟ್ ವರ್ಗದ ಮಾತ್ರೆ ಅಥವಾ ಚುಚ್ಚುಮದ್ದು, ಡೆನೊಸುಮ್ಯಾಬ್ ಚುಚ್ಚುಮದ್ದು ಪಡೆಯುತ್ತಿರುವವರು, ಹಿಂದೆ ಪಡೆದವರು ಇದನ್ನು ತಪ್ಪದೆ ಹೇಳಬೇಕು. ದವಡೆಯ ಮೂಳೆ ಮಾಯದೆ ಸತ್ತುಹೋಗುವ ತೊಂದರೆ ಅಪರೂಪವಾದರೂ ಗಂಭೀರ, ಕ್ಯಾನ್ಸರ್‌ಗಾಗಿ ಹೆಚ್ಚಿನ ಪ್ರಮಾಣದಲ್ಲಿ ಪಡೆದವರಲ್ಲಿ ಅದರ ಅಪಾಯ ಇನ್ನೂ ಹೆಚ್ಚು. ತಲೆ, ಕುತ್ತಿಗೆಗೆ ವಿಕಿರಣ ಚಿಕಿತ್ಸೆಯಾಗಿದ್ದರೆ ಅದನ್ನೂ ತಿಳಿಸಿ. ರಕ್ತ ತೆಳುಮಾಡುವ ಮಾತ್ರೆಯನ್ನು ಯಾರೋ ಹೇಳಿದರೆಂದು ನೀವಾಗಿ ನಿಲ್ಲಿಸಬೇಡಿ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಂತೂ ತಮ್ಮ ಹೃದ್ರೋಗ ತಜ್ಞರನ್ನು ಕೇಳದೆ ಆ ಯೋಚನೆಯನ್ನೂ ಮಾಡಬಾರದು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಅಮ್ಲೊಡಿಪಿನ್, ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೊಸ್ಪೋರಿನ್‌ನಂಥ ಔಷಧಿಗಳಿಂದ ಒಸಡು ದಪ್ಪಗೆ ಬೆಳೆಯುವುದುಂಟು. ಎಷ್ಟು ಕ್ಲೀನಿಂಗ್ ಮಾಡಿಸಿದರೂ ಊತ ಇಳಿಯದಿದ್ದರೆ ಔಷಧಿ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು.

ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಹೇಳಿ. ದವಡೆ ಇನ್ನೂ ಬೆಳೆಯುತ್ತಿರುವ ಹದಿಹರೆಯದವರಿಗೆ ಇಂಪ್ಲಾಂಟ್ ಬೇಡ, ಅದು ದವಡೆಯ ಜೊತೆ ಬೆಳೆಯುವುದಿಲ್ಲ.

ಹಂತ 6: ಯಾವ ತಜ್ಞರು ಎಂದು ತಿಳಿದುಕೊಳ್ಳುವುದು

ಹಲವು ದೇಶಗಳಲ್ಲಿ ಇಂಪ್ಲಾಂಟ್ ಎಂಬುದು ಪ್ರತ್ಯೇಕ ಸ್ನಾತಕೋತ್ತರ ವಿಭಾಗವಲ್ಲ. ಬೋರ್ಡಿನ ಮೇಲೆ "ಇಂಪ್ಲಾಂಟಾಲಜಿಸ್ಟ್" ಎಂದಿದ್ದರೆ ಅದರ ಹಿಂದೆ ವರ್ಷಗಳ ತರಬೇತಿಯೂ ಇರಬಹುದು, ಒಂದು ವಾರಾಂತ್ಯದ ಶಿಬಿರವೂ ಇರಬಹುದು. ಆದ್ದರಿಂದ ಬಿರುದನ್ನು ಬಿಟ್ಟು ಮೂಲ ವಿದ್ಯಾರ್ಹತೆಯನ್ನು, ಆ ದೇಶದ ದಂತವೈದ್ಯ ಮಂಡಳಿಯಲ್ಲಿ ನೋಂದಣಿ ಇದೆಯೇ ಎಂಬುದನ್ನು ನೋಡಿ.

ಈ ಕೆಲಸದಲ್ಲಿ ಮುಖ್ಯವಾಗಿ ಮೂವರು ತಜ್ಞರು ಬರುತ್ತಾರೆ. ಒಸಡು ಮತ್ತು ಹಲ್ಲಿನ ಸುತ್ತಲ ಮೂಳೆಯ ತಜ್ಞರು ಪೆರಿಯೊಡಾಂಟಿಸ್ಟ್. ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರು ದೊಡ್ಡ ಪ್ರಮಾಣದ ಮೂಳೆ ಕಸಿ, ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಕ್ರಿಯೆ ಮೊದಲಾದವುಗಳಲ್ಲಿ ಪಳಗಿದವರು. ಕ್ಯಾಪ್, ಬ್ರಿಡ್ಜ್, ಹಲ್ಲುಸೆಟ್ಟುಗಳನ್ನು ರೂಪಿಸಿ ಕಚ್ಚುವಿಕೆಯನ್ನು ಹೊಂದಿಸುವವರು ಪ್ರೊಸ್ಥೊಡಾಂಟಿಸ್ಟ್. ಅನುಭವಿ ಸಾಮಾನ್ಯ ದಂತವೈದ್ಯರೂ ಸರಳ ಪ್ರಕರಣಗಳನ್ನು ಚೆನ್ನಾಗಿಯೇ ಮಾಡುತ್ತಾರೆ.

ನನ್ನ ಸಲಹೆ ಹೀಗಿದೆ. ಒಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡವರು ಇಂಪ್ಲಾಂಟನ್ನು ಯಾರಿಂದ ಹಾಕಿಸಿದರೂ ಚಿಕಿತ್ಸೆಯ ಉದ್ದಕ್ಕೂ ಪೆರಿಯೊಡಾಂಟಿಸ್ಟ್ ಒಬ್ಬರ ನಿಗಾದಲ್ಲಿರಲಿ. ಹಲ್ಲೆಲ್ಲ ಹೋಗಿ ಬಾಯಿ ಬರಿದಾದವರಿಗೂ ಇದು ಅನ್ವಯಿಸುತ್ತದೆ. ಹಲ್ಲಿಲ್ಲದ ಬಾಯಿಯಲ್ಲಿ ಒಸಡಿನ ರೋಗ ಎಲ್ಲಿಂದ ಬರಬೇಕು ಎಂದು ಅನಿಸಬಹುದು, ಆದರೆ ಆ ರೋಗಕ್ಕೆ ತುತ್ತಾಗುವ ದೇಹದ ಗುಣ ಹಲ್ಲಿನ ಜೊತೆಗೆ ಹೋಗಿರುವುದಿಲ್ಲ. ಹಲವು ಹಲ್ಲುಗಳು, ಮುಂಭಾಗದ ಹಲ್ಲು, ಕೆಟ್ಟ ಕಚ್ಚುವಿಕೆ ಇವುಗಳಲ್ಲಿ ಯಾವುದಿದ್ದರೂ ಪ್ರೊಸ್ಥೊಡಾಂಟಿಸ್ಟ್ ಮೊದಲ ಸಭೆಯಲ್ಲೇ ಇರಬೇಕು. ಕ್ಯಾಪ್ ಎಲ್ಲಿ ಬರಬೇಕು ಎಂದು ಮೊದಲು ನಿಶ್ಚಯಿಸಿ, ಅದಕ್ಕೆ ತಕ್ಕಂತೆ ಇಂಪ್ಲಾಂಟ್ ಕೂರಿಸಬೇಕು. ಮೂಳೆ ಇದ್ದಲ್ಲಿ ಇಂಪ್ಲಾಂಟ್ ಹಾಕಿ, ಆಮೇಲೆ ಅದಕ್ಕೆ ಹೇಗೋ ಹಲ್ಲು ಹೊಂದಿಸಲು ಹೋದರೆ ಸ್ವಚ್ಛಗೊಳಿಸಲು ಆಗದ ಆಕಾರದ ಕ್ಯಾಪ್ ತಯಾರಾಗುತ್ತದೆ.

ಹಂತ 7: ಮೊದಲ ಭೇಟಿಯಲ್ಲಿ ಗಮನಿಸಬೇಕಾದದ್ದು, ಕೇಳಬೇಕಾದದ್ದು

ಕನಿಷ್ಠ ಇಬ್ಬರನ್ನಾದರೂ ಕಂಡು ಮಾತಾಡಿ. ನೀವು ಕೇಳುವುದಕ್ಕಿಂತ ಮೊದಲು ಅವರು ಏನು ಕೇಳುತ್ತಾರೆ ಎಂಬುದರ ಮೇಲೆ ಗಮನವಿರಲಿ. ಆರೋಗ್ಯದ ಇತಿಹಾಸ, ಔಷಧಿ, ತಂಬಾಕು, ಹಲ್ಲು ಹೋದ ಕಾರಣ ಇಷ್ಟನ್ನು ಕೇಳದೆ ಇಂಪ್ಲಾಂಟ್ ಬೆಲೆಪಟ್ಟಿ ತೆಗೆಯುವಲ್ಲಿ ಮುಂದಿನ ಪ್ರಶ್ನೆಗಳ ಅಗತ್ಯವೇ ಇಲ್ಲ, ಎದ್ದು ಬರಬಹುದು.

ನೀವು ಕೇಳಬೇಕಾದವು ಇವು:

1. ನನ್ನ ಒಸಡಿನ ಚಾರ್ಟ್ ನೋಡಿದ್ದೀರಾ? ನೀವೇ ಇನ್ನೊಮ್ಮೆ ಅಳೆಯುತ್ತೀರಾ?
2. ನನ್ನಂಥದೇ ಸ್ಥಿತಿಯಲ್ಲಿ ಎಷ್ಟು ಕಾಲದಿಂದ ಇಂಪ್ಲಾಂಟ್ ಮಾಡುತ್ತಿದ್ದೀರಿ? ಐದು ವರ್ಷ ಕಳೆದ ಪ್ರಕರಣಗಳ ಎಕ್ಸ್‌ರೇಗಳನ್ನು ಹೆಸರು ಮರೆಮಾಡಿ ತೋರಿಸಬಹುದೇ?
3. ಇಂಪ್ಲಾಂಟ್ ಬೇಡವೆಂದರೆ ಬೇರೆ ಏನು ದಾರಿ ಇದೆ?
4. ಶಸ್ತ್ರಕ್ರಿಯೆ ಯಾರು ಮಾಡುತ್ತಾರೆ, ಕ್ಯಾಪ್ ಯಾರು ಕೂರಿಸುತ್ತಾರೆ, ಆಮೇಲೆ ತೊಂದರೆಯಾದರೆ ಯಾರ ಹೊಣೆ?
5. ಇಂಪ್ಲಾಂಟ್ ಬೆಸೆಯದಿದ್ದರೆ ಮುಂದೇನು, ಅದರ ಖರ್ಚು ಯಾರದು?
6. ಕ್ಯಾಪ್ ಸ್ಕ್ರೂ ಹಾಕಿ ಬಿಗಿಯುವಂಥದ್ದೋ, ಸಿಮೆಂಟಿನಿಂದ ಅಂಟಿಸುವಂಥದ್ದೋ?

ಎರಡನೆಯ ಪ್ರಶ್ನೆಯಲ್ಲಿ ಎಕ್ಸ್‌ರೇ ಕೇಳಿದ್ದಕ್ಕೆ ಕಾರಣವಿದೆ. ಹಲ್ಲು ಕೂರಿಸಿದ ದಿನ ತೆಗೆದ ನಗುವಿನ ಫೋಟೊ ಎಲ್ಲರಲ್ಲೂ ಚೆನ್ನಾಗಿರುತ್ತದೆ. ಇಂಪ್ಲಾಂಟ್ ಸುತ್ತ ಮೂಳೆ ಉಳಿದಿದೆಯೇ ಎಂಬುದು ವರ್ಷಗಳ ನಂತರದ ಎಕ್ಸ್‌ರೇಯಲ್ಲಿ ಮಾತ್ರ ತಿಳಿಯುತ್ತದೆ.

ಕೊನೆಯ ಪ್ರಶ್ನೆ ತೀರಾ ತಾಂತ್ರಿಕ ಎನ್ನಿಸಬಹುದು. ಅಂಟಿಸುವ ಕ್ಯಾಪ್‌ನಿಂದ ಹೊರಚೆಲ್ಲಿದ ಸಿಮೆಂಟ್ ಒಸಡಿನ ಕೆಳಗೆ ಉಳಿದುಬಿಟ್ಟರೆ ಅದೇ ಸೋಂಕಿಗೆ ಕಾರಣವಾಗುವುದು ಗೊತ್ತಿರುವ ಸಂಗತಿ. ಸ್ಕ್ರೂ ಕ್ಯಾಪ್‌ಗೆ ಈ ತೊಂದರೆಯಿಲ್ಲ, ಬೇಕಾದಾಗ ಬಿಚ್ಚಿ ಸ್ವಚ್ಛಗೊಳಿಸಲೂಬಹುದು. ಕೆಲವು ಕೋನಗಳಲ್ಲಿ ಸಿಮೆಂಟ್ ಅನಿವಾರ್ಯವಾಗುತ್ತದೆ. ಆಗ ಉಳಿಕೆಯನ್ನು ಹೇಗೆ ತೆಗೆಯುತ್ತಾರೆ, ಎಕ್ಸ್‌ರೇಯಲ್ಲಿ ಖಚಿತಪಡಿಸಿಕೊಳ್ಳುತ್ತಾರೆಯೇ ಎಂದು ಕೇಳಿ.

ಈ ಮಾತುಗಳು ಕಿವಿಗೆ ಬಿದ್ದರೆ ಎಚ್ಚರ: ನೂರಕ್ಕೆ ನೂರು ಯಶಸ್ಸು, ಜೀವನಪರ್ಯಂತ ಗ್ಯಾರಂಟಿ, ಇವತ್ತೇ ಮುಂಗಡ ಕೊಟ್ಟರೆ ರಿಯಾಯಿತಿ, ಇರುವ ಹಲ್ಲನ್ನೆಲ್ಲ ಕಿತ್ತು ಒಂದೇ ಸಲ ಹೊಸ ಹಲ್ಲು, ಇಂಪ್ಲಾಂಟ್ ಹಾಕಿದ ಮೇಲೆ ಯಾವ ನಿಗಾವೂ ಬೇಡ. ಕೊನೆಯದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಕ್ಯಾಪ್ ಅದೇ ದಿನ ಕೂರಿಸುವುದು ಆಯ್ದ ಪ್ರಕರಣಗಳಲ್ಲಿ ಸಾಧ್ಯ, ಆದರೆ ಅದು ಮೂಳೆಯ ಗಟ್ಟಿತನವನ್ನೂ ಇಂಪ್ಲಾಂಟ್ ಹಿಡಿದ ಬಿಗಿಯನ್ನೂ ನೋಡಿ ಹೇಳಬೇಕಾದ ಮಾತು, ಬಾಗಿಲಲ್ಲೇ ಕೊಡುವ ಭರವಸೆಯಲ್ಲ.

ಹಂತ 8: ಯೋಜನೆಯನ್ನು ಬರಹದಲ್ಲಿ ಪಡೆಯುವುದು

ತಜ್ಞರು ನಿಶ್ಚಯವಾದ ಮೇಲೆ ದವಡೆಯ ಮೂರು ಆಯಾಮದ ಸ್ಕ್ಯಾನ್ ಬರುತ್ತದೆ, ಅದಕ್ಕೆ ಸಿಬಿಸಿಟಿ ಎನ್ನುತ್ತಾರೆ. ಓಪಿಜಿಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಕೆಳದವಡೆಯ ಹಿಂಭಾಗದಲ್ಲಿ ತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಮೂಳೆಯೊಳಗೆ ಹಾದುಹೋಗುತ್ತದೆ, ಇಂಪ್ಲಾಂಟ್ ತುದಿಗೂ ಅದಕ್ಕೂ ಸುಮಾರು 2 ಮಿ.ಮೀ. ಅಂತರ ಬಿಡುವುದು ರೂಢಿ. ಮೇಲ್ದವಡೆಯ ಹಿಂಭಾಗದಲ್ಲಿ ಮೂಗಿನ ಪಕ್ಕದ ಗಾಳಿ ತುಂಬಿದ ಸೈನಸ್ ಕುಹರ ಅಡ್ಡ ಬರುತ್ತದೆ, ಮೂಳೆ ಸಾಲದಿದ್ದರೆ ಅದರ ಪೊರೆಯನ್ನು ಮೇಲೆತ್ತಿ ಮೂಳೆ ತುಂಬಬೇಕಾಗುತ್ತದೆ. ಸ್ಕ್ಯಾನನ್ನು ಪರದೆಯ ಮೇಲೆ ತೋರಿಸಿ ನಿಮಗೆ ವಿವರಿಸಲು ಕೇಳಿ.

ಬರಹದಲ್ಲಿ ಇರಬೇಕಾದವು: ಎಷ್ಟು ಇಂಪ್ಲಾಂಟ್, ಯಾವ ಕಂಪನಿಯ ಯಾವ ಮಾದರಿ, ಮೂಳೆ ಅಥವಾ ಒಸಡಿನ ಕಸಿ ಬೇಕೇ, ಕಾಯುವ ಅವಧಿಯಲ್ಲಿ ತಾತ್ಕಾಲಿಕ ಹಲ್ಲು ಏನು, ಕ್ಯಾಪ್ ಯಾವ ವಸ್ತುವಿನದು, ಸ್ಕ್ಯಾನ್‌ನಿಂದ ಕ್ಯಾಪ್‌ವರೆಗಿನ ಒಟ್ಟು ಖರ್ಚು, ವಾರ್ಷಿಕ ನಿಗಾದ ಖರ್ಚು. ಇಂಪ್ಲಾಂಟ್ ಖರ್ಚನ್ನು ಮಾತ್ರ ಹೇಳಿ, ಅದರ ಮೇಲಿನ ಜೋಡಣೆ ಮತ್ತು ಕ್ಯಾಪ್ ಖರ್ಚನ್ನು ಆಮೇಲೆ ಹೇಳುವುದರಿಂದಲೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ.

ಕಾಯುವ ಅವಧಿಯ ಬಗ್ಗೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ಇಂಪ್ಲಾಂಟ್ ಮೂಳೆಗೆ ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ಮೆದು ಮೂಳೆಯಿರುವ ಮೇಲ್ದವಡೆಗೆ ಕೆಳದವಡೆಗಿಂತ ಹೆಚ್ಚು. ಒಸಡಿನ ಚಿಕಿತ್ಸೆ, ಮೂಳೆ ಕಸಿ ಸೇರಿದರೆ ಇಡೀ ಕೆಲಸಕ್ಕೆ ಒಂದು ವರ್ಷ ಹಿಡಿಯುವುದು ಅಸಹಜವಲ್ಲ.

ಹಂತ 9: ಶಸ್ತ್ರಕ್ರಿಯೆಯ ನಂತರದ ದಿನಗಳು

ಮೊದಲ ದಿನ ಜೋರಾಗಿ ಬಾಯಿ ಮುಕ್ಕಳಿಸಬಾರದು, ಉಗುಳಬಾರದು, ಸ್ಟ್ರಾ ಬಳಸಬಾರದು. ಊತ ಎರಡನೆಯ ಅಥವಾ ಮೂರನೆಯ ದಿನ ಹೆಚ್ಚಾಗಿ, ಆಮೇಲೆ ಇಳಿಯುತ್ತದೆ. ಸೋಂಕು ತಡೆಯಲು ಕೊಡುವ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಹೇಳಿದಷ್ಟು ದಿನ ಮಾತ್ರ ಬಳಸಿ, ಹೆಚ್ಚು ಕಾಲ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಬೇಕು. ಸೈನಸ್ ಭಾಗದಲ್ಲಿ ಕೆಲಸವಾಗಿದ್ದರೆ ವೈದ್ಯರು ಹೇಳುವವರೆಗೆ ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ.

ತಡಮಾಡದೆ ಕರೆ ಮಾಡಬೇಕಾದ ಸಂದರ್ಭಗಳು ಇವು. ಮರಗಟ್ಟಿಸಿದ ಪರಿಣಾಮ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಮರುದಿನವೂ ಕೆಳತುಟಿ, ಗಲ್ಲ ಜೋಮು ಹಿಡಿದಂತಿದ್ದರೆ ನರಕ್ಕೆ ಒತ್ತಡ ಬಿದ್ದಿರಬಹುದು, ಕಾದು ನೋಡುವಂತಿಲ್ಲ. ಮೂರ್ನಾಲ್ಕು ದಿನದ ನಂತರ ನೋವು ಇಳಿಯುವ ಬದಲು ಏರುವುದು, ಜ್ವರ, ಕೀವು, ಒತ್ತಿ ಹಿಡಿದರೂ ನಿಲ್ಲದ ರಕ್ತ ಇವೂ ಹಾಗೆಯೇ. ನಾಲಿಗೆಯ ಕೆಳಭಾಗ ಅಥವಾ ಗಂಟಲಿನ ಕಡೆ ಊತ ಹರಡಿ ನುಂಗಲು, ಉಸಿರಾಡಲು ಕಷ್ಟವಾದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ.

ಹಂತ 10: ಕ್ಯಾಪ್ ಕೂರಿಸಿದ ಮೇಲೆ

ಕ್ಯಾಪ್ ಕೂರಿಸಿದ ದಿನವೇ ಒಂದು ಚಿಕ್ಕ ಎಕ್ಸ್‌ರೇ ತೆಗೆಸಿ ಪ್ರತಿ ಇಟ್ಟುಕೊಳ್ಳಿ. ಮುಂದೆಂದಾದರೂ ಮೂಳೆ ಇಳಿದಿದೆಯೇ ಎಂದು ನೋಡಲು ಹೋಲಿಕೆಗೆ ಬೇಕಾಗುವುದು ಅದೇ. ಮನೆಗೆ ಹೊರಡುವ ಮೊದಲು ಇಂಟರ್‌ಡೆಂಟಲ್ ಬ್ರಷ್ ಆ ಕ್ಯಾಪ್‌ನ ಎರಡೂ ಬದಿಗೆ ಹೋಗುತ್ತದೆಯೇ ಎಂದು ಕುರ್ಚಿಯಲ್ಲಿ ಕುಳಿತೇ ಪರೀಕ್ಷಿಸಿ. ಹೋಗದಿದ್ದರೆ ಕ್ಯಾಪ್‌ನ ಆಕಾರ ತಿದ್ದಬೇಕೆಂದು ಆಗಲೇ ಹೇಳಿ. ಹಲ್ಲು ಕಡಿಯುವವರು ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಸಿಕೊಳ್ಳಬೇಕು.

ಒಸಡಿನ ರೋಗದ ಇತಿಹಾಸ ಇದ್ದವರು 3ರಿಂದ 6 ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ಪ್ರತಿ ಸಲವೂ ಇಂಪ್ಲಾಂಟ್ ಸುತ್ತ ಪ್ರೋಬ್ ಹಾಕಿ ಅಳೆಯಬೇಕು. ಇಂಪ್ಲಾಂಟ್‌ಗೆ ಪ್ರೋಬ್ ತಾಗಿಸಬಾರದು ಎಂಬುದು ಹಳೆಯ ಅಂಜಿಕೆ, ಹಗುರವಾಗಿ ಅಳೆಯುವುದರಿಂದ ಹಾನಿಯಿಲ್ಲ.

ಇಂಪ್ಲಾಂಟ್ ಸುತ್ತ ರಕ್ತ ಬಂದರೆ ಅದು ಮೊದಲ ಸೂಚನೆ. ಒಸಡು ಮಾತ್ರ ಉರಿಯೂತಗೊಂಡಿರುವ ಈ ಹಂತವನ್ನು ಕ್ಲೀನಿಂಗ್ ಹಾಗೂ ಮನೆಯ ಆರೈಕೆಯಿಂದ ಹಿಂದಕ್ಕೆ ತರಬಹುದು. ಮೂಳೆ ಕರಗಲು ಶುರುವಾದ ಮೇಲೆ ಚಿಕಿತ್ಸೆ ಕಷ್ಟ, ಫಲಿತಾಂಶವೂ ಅನಿಶ್ಚಿತ. ಇಂಪ್ಲಾಂಟ್‌ಗೆ ಹಲ್ಲಿನಂತೆ ಸಂವೇದನೆ ಇಲ್ಲದಿರುವುದರಿಂದ ನೋವು ಬರಲಿ, ಆಮೇಲೆ ಹೋಗೋಣ ಎಂದು ಕಾಯುವವರು ತಡವಾಗಿ ಹೋಗುತ್ತಾರೆ.

ಹಲ್ಲು ಅಲುಗಾಡಿದಂತೆ ಅನಿಸಿದರೆ ಎರಡು ಸಾಧ್ಯತೆಗಳಿವೆ. ಒಳಗಿನ ಸ್ಕ್ರೂ ಸಡಿಲವಾಗಿದ್ದರೆ ಬಿಗಿದರೆ ಸರಿಹೋಗುತ್ತದೆ. ಇಂಪ್ಲಾಂಟೇ ಅಲುಗಾಡುತ್ತಿದ್ದರೆ ಅದು ಮೂಳೆಯ ಹಿಡಿತ ಕಳೆದುಕೊಂಡಿದೆ, ತೆಗೆಯಬೇಕಾಗುತ್ತದೆ. ಯಾವುದು ಎಂದು ಮನೆಯಲ್ಲಿ ಗುರುತಿಸಲಾಗದು, ಅದರ ಮೇಲೆ ಅಗಿಯುವುದನ್ನು ನಿಲ್ಲಿಸಿ ಆದಷ್ಟು ಬೇಗ ತೋರಿಸಿ. ಹಾಗೆ ತೋರಿಸಲು ಹೋದಾಗ ಇಂಪ್ಲಾಂಟ್ ಜೊತೆಗೆ ಬರುವ ಸ್ಟಿಕ್ಕರ್ ಅಥವಾ ಕಾರ್ಡನ್ನು ತೆಗೆದುಕೊಂಡು ಹೋಗಿ. ಕಂಪನಿ, ಮಾದರಿ, ಅಳತೆ, ಬ್ಯಾಚ್ ಸಂಖ್ಯೆ ಅದರಲ್ಲಿ ಇರುತ್ತವೆ. ಬೇರೆ ಊರಿನಲ್ಲಿ ಬೇರೆ ವೈದ್ಯರು ನೋಡಬೇಕಾಗಿ ಬಂದರೆ, ಯಾವ ಸ್ಕ್ರೂಗೆ ಯಾವ ಉಪಕರಣ ಎಂದು ಅವರಿಗೆ ತಿಳಿಯುವುದು ಆ ಕಾರ್ಡಿನಿಂದ.